ಕೊಂಬು ಎಳೆದರೆ ಬಾಲ: ನಾಯಿ ಸಾಕಿದವರಿಗೆ ಹುಟ್ಟುಹಬ್ಬದ ಕಾರ್ಡು

ಯಾರದಾದರೂ ಹುಟ್ಟುಹಬ್ಬ ಹತ್ತಿರ ಬಂದರೆ ನಮ್ಮ ಬೀದಿಯ ಮಕ್ಕಳು ಡ್ರಾಯಿಂಗ್ ಹಾಳೆ ಹಿಡಿದು ನನ್ನ ಜಗುಲಿಗೆ ಬರುತ್ತಾರೆ. ಹುಟ್ಟುಹಬ್ಬದವರು ನಾಯಿ ಸಾಕಿದವರಾದರೆ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ‘ಅಜ್ಜಿ, ನಾಯಿಯ ಚಿತ್ರ ಬರೆಯುವುದು ಹೇಗೆ?’ ನಾನು ಕೇಳುವುದೂ ಒಂದೇ: ‘ಯಾವ ನಾಯಿಯದು?’

ಅಂಗಡಿಯ ಕಾರ್ಡಿನಲ್ಲಿ ಹೊಂಬಣ್ಣದ ಮರಿಯೊಂದು ಟೋಪಿ ಹಾಕಿಕೊಂಡು ಕುಳಿತಿರುತ್ತದೆ. ಅದನ್ನು ತೆರೆಯುವವರ ಮನೆಯಲ್ಲಿ ಇರುವುದು ಒಂದು ಕಿವಿ ಮಡಿಸಿಕೊಂಡ ಕರಿಯ ನಾಯಿ. ಅವರು ಸಂತೋಷದಿಂದಲೇ ತೆಗೆದುಕೊಳ್ಳುತ್ತಾರೆ, ಕಪಾಟಿನ ಮೇಲೆ ಇಡುತ್ತಾರೆ. ಆದರೆ ಅದು ಅವರ ನಾಯಿ ಅಲ್ಲ. ನಾಯಿಯನ್ನು ಪ್ರೀತಿಸುವವರು ಜಗತ್ತಿನ ನಾಯಿಗಳನ್ನೆಲ್ಲ ಪ್ರೀತಿಸಬಹುದು, ಆದರೆ ಮನೆಯಲ್ಲಿ ಕಾಯುತ್ತಿರುವ ಒಂದರ ಹೆಸರು ಕೇಳಿದಾಗ ಅವರ ಮುಖ ಅರಳುವ ರೀತಿಯೇ ಬೇರೆ. ಆದ್ದರಿಂದ ಪೆನ್ಸಿಲ್ ಹಿಡಿಯುವ ಮೊದಲು ಒಂದು ಸಂಜೆ ಆ ಮನೆಗೆ ಹೋಗಿ ಬನ್ನಿ. ನಾಯಿಯ ಕಿವಿ ಹೇಗಿದೆ, ಎಲ್ಲಿ ಮಚ್ಚೆ ಇದೆ, ಯಾವ ಮೂಲೆಯಲ್ಲಿ ಮಲಗುತ್ತದೆ, ಗೇಟಿನ ಸದ್ದಿಗೆ ಏನು ಮಾಡುತ್ತದೆ, ಎಲ್ಲವನ್ನೂ ನೋಡಿಕೊಳ್ಳಿ. ಬಾಲವನ್ನಂತೂ ಮರೆಯಬೇಡಿ. ನಮ್ಮ ಊರನಾಯಿಗಳಲ್ಲಿ ಹೆಚ್ಚಿನವುಗಳ ಬಾಲ ಬೆನ್ನಿನ ಮೇಲೆ ಸುರುಳಿ ಸುತ್ತಿಕೊಂಡಿರುತ್ತದೆ. ಮುಧೋಳ ನಾಯಿಯದು ಸಪೂರವಾಗಿ ಕೆಳಗಿಳಿದಿರುತ್ತದೆ. ಪೊಮೆರೇನಿಯನ್‌ನದು ಬೀಸಣಿಗೆಯಂತೆ ಬೆನ್ನಿಗೆ ಒರಗಿರುತ್ತದೆ. ಚಿತ್ರದ ಉಳಿದ ಭಾಗ ಸೊಟ್ಟಗಾದರೂ ಕಿವಿ ಮತ್ತು ಬಾಲ ಸರಿಯಾಗಿದ್ದರೆ ಮನೆಯವರು ಗುರುತು ಹಿಡಿಯುತ್ತಾರೆ.

ಬೀದಿನಾಯಿಗಳಿಗೆ ದಿನವೂ ಅನ್ನ ಹಾಕುವವರಿಗೆ ಕಾರ್ಡು ಮಾಡುವುದಾದರೆ ಇನ್ನೊಂದು ಸೂಕ್ಷ್ಮವಿದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಆದ ಬೀದಿನಾಯಿಗಳ ಒಂದು ಕಿವಿಯ ತುದಿಯಲ್ಲಿ ಗುರುತಿಗಾಗಿ ಸಣ್ಣ ಕಚ್ಚು ಮಾಡಿರುತ್ತಾರೆ. ಆ ಕಚ್ಚನ್ನು ಚಿತ್ರದಲ್ಲೂ ಬರೆಯಿರಿ. ಎಷ್ಟೋ ಬೆಳಗಿನ ಓಡಾಟ, ಎಷ್ಟೋ ಜನರ ಜೊತೆಗಿನ ವಾದ, ಎಲ್ಲವೂ ಅವರಿಗೆ ಆ ಕಚ್ಚಿನಲ್ಲಿ ಕಾಣುತ್ತದೆ. ಕಾರ್ಡಿನೊಳಗೆ ಹೂವಿನ ಬದಲು ನಾಲ್ಕು ಚೀಟಿ ಇಡಿ: ‘ಒಂದು ವಾರದ ಸಂಜೆಯ ಅನ್ನ ನನ್ನದು’, ‘ಲಸಿಕೆಯ ದಿನ ಆಟೋ ತರುವುದು ನನ್ನದು’, ಹೀಗೆ. ಬರೆದಿದ್ದನ್ನು ತಪ್ಪದೆ ನಡೆಸಬೇಕು. ನಡೆಸಲಾಗದಿದ್ದರೆ ಚೀಟಿ ಇಡುವುದೇ ಬೇಡ.

ಚಿತ್ರ ಬರೆಯಲು ಬಾರದು ಎನ್ನುವವರಿಗೆ ನಮ್ಮ ಅಕ್ಷರಗಳೇ ನೆರವಾಗುತ್ತವೆ. ನಮ್ಮ ಕಡೆ ನಾಯಿಗಳಿಗೆ ಇಡುವ ಹೆಸರುಗಳನ್ನು ನೋಡಿ: ಗುಂಡು, ಪುಟ್ಟು, ಚಿನ್ನು, ರಾಮು. ಎಲ್ಲವೂ ಕೊಂಬಿನಲ್ಲಿ ಮುಗಿಯುತ್ತವೆ. ಹೆಸರನ್ನು ದಪ್ಪಗೆ ದುಂಡಗೆ ಬರೆದು, ಕೊನೆಯ ಅಕ್ಷರದ ಕೊಂಬನ್ನು ಮೇಲಕ್ಕೆ ಎಳೆದು ಸುರುಳಿ ಸುತ್ತಿದರೆ ಅದೇ ಬಾಲ. ಮೊದಲ ಅಕ್ಷರದ ಎಡಕ್ಕೆ ಒಂದು ಮೂತಿ, ಎರಡು ಕಣ್ಣು, ಅಕ್ಷರಗಳ ಕೆಳಗೆ ನಾಲ್ಕು ಪುಟ್ಟ ಕಾಲು. ಜಿಮ್ಮಿ, ಟಾಮಿ, ರಾಣಿ ಎಂದಿದ್ದರೆ ಗುಡಿಸಿನ ಸುರುಳಿಯನ್ನು ಸ್ವಲ್ಪ ದೊಡ್ಡದು ಮಾಡಿ, ಅದು ಕಿವಿಯಾಗುತ್ತದೆ. ಆಗ ಮೂತಿಯನ್ನು ಬಲಕ್ಕೆ ಬರೆಯಬೇಕು. ಏಳು ವರ್ಷದ ನನ್ನ ಮೊಮ್ಮಗಳು ಇದನ್ನು ಒಂದೇ ಮಧ್ಯಾಹ್ನದಲ್ಲಿ ಕಲಿತಳು. ಕನ್ನಡ ಅಕ್ಷರ ಮರೆಯುತ್ತಿರುವ ಮಕ್ಕಳಿರುವ ಮನೆಯಲ್ಲಿ ಇದನ್ನು ಮಾಡಿಸಿ ನೋಡಿ. ಕೊಂಬು ಯಾವುದು, ಗುಡಿಸು ಯಾವುದು ಎಂದು ಮತ್ತೆ ಹೇಳಿಕೊಡಬೇಕಾಗುವುದಿಲ್ಲ.

ಕಾಗದಕ್ಕೆ ದುಡ್ಡು ಸುರಿಯಬೇಡಿ. ಹಳೆಯ ಲಗ್ನಪತ್ರಿಕೆಗಳ ಒಳಮೈ ಸಾಮಾನ್ಯವಾಗಿ ಖಾಲಿ ಇರುತ್ತದೆ, ದಪ್ಪವೂ ಇರುತ್ತದೆ. ಆದರೆ ನುಣುಪಾದ ಹೊಳೆಯುವ ಬದಿಯಲ್ಲಿ ಜೆಲ್ ಪೆನ್ನಿನ ಶಾಯಿ ಒಣಗದೆ ಒರೆಸಿಹೋಗುತ್ತದೆ. ಅಲ್ಲಿ ಬಾಲ್ ಪೆನ್ನೇ ಸರಿ. ಅಂಟಿಗೆ ಎರಡು ಚಮಚ ಮೈದಾವನ್ನು ಒಂದು ಲೋಟ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಗಂಜಿಯಂತೆ ಮಂದವಾಗುವವರೆಗೆ ಕೈಯಾಡಿಸಿ. ನಮ್ಮ ಕಾಲದಲ್ಲಿ ಹುಳ ಹಿಡಿಯದಿರಲೆಂದು ಇದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ನಾಯಿ ಇರುವ ಮನೆಗೆ ಹೋಗುವ ಕಾರ್ಡಿಗೆ ಅದು ಖಂಡಿತ ಬೇಡ, ವಿಷ. ಹಿಟ್ಟಿನ ವಾಸನೆಗೆ ನಾಯಿ ಕಾರ್ಡನ್ನು ಮೂಸುತ್ತದೆ, ನೆಕ್ಕುತ್ತದೆ, ಕೆಲವು ಹರಿದು ತಿನ್ನುವುದೂ ಉಂಟು. ಇದೇ ಕಾರಣಕ್ಕೆ ಸ್ಟೇಪಲ್ ಪಿನ್ನು, ಗುಂಡುಸೂಜಿ, ಮಿಂಚಿನ ಪುಡಿ, ಸಣ್ಣ ಮಣಿ ಯಾವುದನ್ನೂ ಬಳಸಬೇಡಿ. ಕಾರ್ಡಿಗೆ ಚಾಕೊಲೇಟ್ ಅಂಟಿಸಿ ಕೊಡುವ ರೂಢಿಯೂ ಬಂದಿದೆ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಪ್ರಾಣಕ್ಕೇ ಸಂಚಕಾರ ತರಬಲ್ಲವು. ಸಿಹಿಯನ್ನು ಬೇರೆ ಡಬ್ಬಿಯಲ್ಲಿ ಮುಚ್ಚಿ ಹುಟ್ಟುಹಬ್ಬದವರ ಕೈಗೇ ಕೊಡಿ.

ಇನ್ನು ಎಲ್ಲರೂ ಆಸೆಪಡುವ ಹೆಜ್ಜೆಗುರುತಿನ ಕಾರ್ಡು. ಇದನ್ನು ಮಾಡಲು ಮನೆಯ ಇನ್ನೊಬ್ಬರ ಜೊತೆ ಗುಟ್ಟಾಗಿ ಮಾತಾಡಿಕೊಳ್ಳಬೇಕು, ಏಕೆಂದರೆ ನಾಯಿ ತನ್ನವರ ಕೈಗೆ ಮಾತ್ರ ಸುಲಭವಾಗಿ ಪಾದ ಕೊಡುತ್ತದೆ. ಸ್ಟಾಂಪ್ ಪ್ಯಾಡಿನ ಶಾಯಿಯಾಗಲಿ ಎಣ್ಣೆ ಬಣ್ಣವಾಗಲಿ ಬೇಡ. ನಾಯಿ ಪಾದ ನೆಕ್ಕದೆ ಬಿಡುವುದಿಲ್ಲ. ಗೋಕುಲಾಷ್ಟಮಿಯ ದಿನ ಬಾಗಿಲಿನಿಂದ ದೇವರ ಮನೆಯವರೆಗೆ ಬಾಲಕೃಷ್ಣನ ಹೆಜ್ಜೆ ಮೂಡಿಸಲು ಏನು ಬಳಸುತ್ತೇವೋ ಅದೇ ಇಲ್ಲಿಗೂ ಸಾಕು: ನೀರಿನಲ್ಲಿ ಕಲಸಿದ ಅಕ್ಕಿಹಿಟ್ಟು. ದೋಸೆ ಹಿಟ್ಟಿಗಿಂತ ತುಸು ಗಟ್ಟಿ ಇರಲಿ. ಹಳೆಯ ಹತ್ತಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ತಟ್ಟೆಯಲ್ಲಿಟ್ಟು ಹಿಟ್ಟನ್ನು ಅದರ ಮೇಲೆ ಹರಡಿ. ಕಪ್ಪು ಅಥವಾ ಕಡುನೀಲಿ ಚಾರ್ಟ್ ಕಾಗದವನ್ನು ಒಂದು ಗಟ್ಟಿ ರಟ್ಟಿನ ಮೇಲೆ ಇಟ್ಟುಕೊಳ್ಳಿ. ಸಂಜೆಯ ತಿರುಗಾಟ ಮುಗಿಸಿ ನಾಯಿ ದಣಿದು ಮಲಗಿರುವಾಗ, ಅದರ ಮುಂಗಾಲನ್ನು ಬಟ್ಟೆಗೆ ಒಮ್ಮೆ ಒತ್ತಿ. ಆಮೇಲೆ ಪಾದವನ್ನು ಕಾಗದದ ಕಡೆ ಎಳೆಯಬೇಡಿ, ರಟ್ಟಿನ ಸಮೇತ ಕಾಗದವನ್ನೇ ಪಾದದ ಹತ್ತಿರ ತಂದು ಮೆಲ್ಲಗೆ ಒತ್ತಿ ತೆಗೆಯಿರಿ. ಮೊದಲ ಎರಡು ಹಾಳೆ ಕೆಡುತ್ತವೆ. ಐದಾರು ಹಾಳೆ ಕತ್ತರಿಸಿಟ್ಟುಕೊಂಡಿರಿ. ನಾಯಿ ಪಾದ ಹಿಂದಕ್ಕೆಳೆದರೆ ಅಂದಿಗೆ ಬಿಟ್ಟುಬಿಡಿ. ಬಲವಂತದಿಂದ ಮೂಡಿಸಿದ ಹೆಜ್ಜೆ ಯಾರಿಗೂ ಉಡುಗೊರೆಯಲ್ಲ. ಮುಗಿದ ಕೂಡಲೇ ಉಗುರುಬೆಚ್ಚಗಿನ ನೀರಿನಲ್ಲಿ ಬೆರಳುಗಳ ನಡುವೆ ಹಿಟ್ಟು ಉಳಿಯದಂತೆ ತೊಳೆದು, ಒಣಬಟ್ಟೆಯಲ್ಲಿ ಒರೆಸಿ. ಪಾದದಲ್ಲಿ ಗಾಯವಿದ್ದರೆ ಈ ಕಾರ್ಡೇ ಬೇಡ.

ಬಣ್ಣವೇ ಬೇಕು ಎಂದಾದರೆ ಅರಿಶಿನ ಇದೆ. ಅಕ್ಕಿಹಿಟ್ಟಿಗೆ ಅಡುಗೆಯ ಅರಿಶಿನ ಬೆರೆಸಿ ಬಿಳಿ ಕಾಗದದ ಮೇಲೆ ಒತ್ತಿಸಿ. ನಾಯಿಯ ಕಾಲು ತೊಳೆದು ಅದು ತನ್ನ ಜಾಗಕ್ಕೆ ಹೋದ ಮೇಲೆ, ಹಾಳೆ ಒಣಗಿದ ಮೇಲೆ, ಸುಣ್ಣದ ತಿಳಿನೀರನ್ನು ಹತ್ತಿಯಿಂದ ಗುರುತಿನ ಮೇಲೆ ಮೆಲ್ಲಗೆ ಮುಟ್ಟಿಸಿ. ಹಳದಿ ಹೆಜ್ಜೆ ಕಣ್ಣೆದುರೇ ಕೆಂಪಾಗುತ್ತದೆ, ಆರತಿಯ ತಟ್ಟೆಯ ಓಕುಳಿಯ ಹಾಗೆ. ಮಕ್ಕಳು ಇದನ್ನು ನೋಡಿ ಕುಣಿಯುತ್ತಾರೆ. ಸುಣ್ಣ ನಾಯಿಯ ಚರ್ಮವನ್ನೂ ಬಾಯಿಯನ್ನೂ ಸುಡುತ್ತದೆ, ಆದ್ದರಿಂದ ಅದು ಕಾಗದಕ್ಕೆ ಮಾತ್ರ. ಅಂಥ ಹಾಳೆಯನ್ನು ಗಾಜಿನ ಚೌಕಟ್ಟಿನಲ್ಲಿ ಹಾಕಿ ಕೊಡುವುದು ಮೇಲು. ಬಿಸಿಲು ಬೀಳುವ ಗೋಡೆಗೆ ತೂಗುಹಾಕಿದರೆ ಅರಿಶಿನದ ಬಣ್ಣ ಬೇಗ ಹಾರಿಹೋಗುತ್ತದೆ, ಅದನ್ನೂ ಹೇಳಿ ಕೊಡಿ. ಬಿಳಿ ಕೂದಲಿನ ನಾಯಿಗೆ ಅರಿಶಿನ ಬೇಡ, ಹಲವು ದಿನ ಹಳದಿ ಕಾಲಿನಲ್ಲಿ ಓಡಾಡಬೇಕಾಗುತ್ತದೆ.

ನಾಯಿ ಸಿಗದಿದ್ದರೆ ಹೆಜ್ಜೆಯನ್ನು ಕೈಯಲ್ಲೇ ಬರೆಯಬಹುದು. ಒಂದು ದೊಡ್ಡ ಮೆತ್ತೆ, ಮೇಲೆ ನಾಲ್ಕು ಸಣ್ಣವು. ನಾಲ್ಕರ ಮುಂದೆಯೂ ಉಗುರಿನ ಚುಕ್ಕೆ ಇಡಲು ಮರೆಯಬೇಡಿ. ನಾಯಿ ಉಗುರನ್ನು ಒಳಗೆಳೆದುಕೊಳ್ಳುವುದಿಲ್ಲ, ಬೆಕ್ಕು ಎಳೆದುಕೊಳ್ಳುತ್ತದೆ. ಚುಕ್ಕೆ ಬಿಟ್ಟರೆ ನೀವು ಕೊಟ್ಟಿದ್ದು ಬೆಕ್ಕಿನ ಹೆಜ್ಜೆಯಾಗುತ್ತದೆ.

ಬಾಲ ಅಲ್ಲಾಡಿಸುವ ಕಾರ್ಡು ನನಗೆ ಬಹಳ ಇಷ್ಟ. ದೇಹವನ್ನು ಕಾರ್ಡಿನ ಮೇಲೆ ಬರೆಯಿರಿ, ಬಾಲವನ್ನು ಮಾತ್ರ ದಪ್ಪ ಕಾಗದದಲ್ಲಿ ಬೇರೆಯಾಗಿ ಕತ್ತರಿಸಿ. ಬುಡದ ಕಡೆ ಒಂದು ಅಂಗುಲ ಹೆಚ್ಚು ಬಿಡಿ. ಕಾರ್ಡಿನಲ್ಲಿ ಒಂದು ಸೀಳು ಮಾಡಿ ಬಾಲವನ್ನು ಹಿಂದಿನಿಂದ ತೂರಿಸಿ, ಬುಡದ ಹತ್ತಿರ ಸೂಜಿಯಿಂದ ತೂತು ಮಾಡಿ ದಪ್ಪ ದಾರ ಪೋಣಿಸಿ ಎರಡೂ ಬದಿಗೆ ಗಂಟು ಹಾಕಿ. ಗಂಟು ತೀರಾ ಬಿಗಿಯಾದರೆ ಬಾಲ ಆಡುವುದಿಲ್ಲ. ಗಂಟಿನಾಚೆಗೆ ಉಳಿದ ತುದಿಗೆ ಇನ್ನೊಂದು ದಾರ ಕಟ್ಟಿ ಕೆಳಕ್ಕೆ ಇಳಿಬಿಡಿ. ದಾರ ಎಳೆದರೆ ಬಾಲ ಮೇಲೇಳುತ್ತದೆ, ಬಿಟ್ಟರೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಹಿಂದೆ ಬಾವಿಯಿಂದ ನೀರೆತ್ತುತ್ತಿದ್ದ ಏತದ ಕೆಲಸವೂ ಇಷ್ಟೇ. ಉದ್ದ ದೇಹದ ಡ್ಯಾಶ್‌ಹಂಡ್ ಇರುವ ಮನೆಗಾದರೆ ಬೀಸಣಿಗೆಯ ಮಡಿಕೆ ಚೆನ್ನ: ಮುಚ್ಚಿದಾಗ ಮುಂಗಾಲು, ಹಿಂಗಾಲು ಹತ್ತಿರ ಹತ್ತಿರ, ಬಿಡಿಸಿದಾಗ ನಡುವೆ ಒಂದು ಮೊಳ ಹೊಟ್ಟೆ. ಆ ಹೊಟ್ಟೆಯ ಮೇಲೆ ಮನೆಯವರೆಲ್ಲ ಒಂದೊಂದು ಸಾಲು ಬರೆಯಲಿ.

ಒಳಗೆ ಏನು ಬರೆಯುವುದು? ‘ನಿಷ್ಠೆಗೆ ಇನ್ನೊಂದು ಹೆಸರು ನಾಯಿ’ ಎಂಬಂಥ ಮಾತು ಎಲ್ಲಾ ಕಡೆ ಇದೆ. ನಾಯಿಯೇ ಬರೆದಂತೆ ಬರೆಯಿರಿ, ಅದೂ ಆ ಮನೆಯ ದಿನಚರಿಯಿಂದಲೇ. ಎಪ್ಪತ್ತು ತುಂಬಿದ ಒಬ್ಬ ಅಜ್ಜನಿಗೆ ಮೊಮ್ಮಕ್ಕಳ ಪರವಾಗಿ ನಾನು ಬರೆದುಕೊಟ್ಟಿದ್ದು ಹೀಗೆ: ‘ಅಜ್ಜಾ, ನೀವು ಕೋಲು ಕೈಗೆತ್ತಿಕೊಂಡ ಸದ್ದಿಗೇ ನಾನು ಏಳುತ್ತೇನೆ. ಹಾಲಿನ ಬೂತಿನವರೆಗೆ ಹೋಗಿ ಬರುತ್ತೇವೆ. ನೀವು ನನ್ನನ್ನು ತಿರುಗಾಡಿಸುತ್ತೀರಿ ಎಂದು ಮನೆಯವರೆಲ್ಲ ತಿಳಿದಿದ್ದಾರೆ. ದಿನವೂ ನಡೆಯಬೇಕೆಂದು ಡಾಕ್ಟರು ಹೇಳಿದ್ದು ನಿಮಗೆ ತಾನೆ? ಕರೆದುಕೊಂಡು ಹೋಗುತ್ತಿರುವವನು ನಾನು.’ ಪದ್ಯ ಬೇಕೆಂದವರಿಗೆ ನಾಲ್ಕು ಸಾಲು ಕೊಡುತ್ತೇನೆ, ಹೆಸರು ಬದಲಿಸಿಕೊಂಡು ಯಾರು ಬೇಕಾದರೂ ಬಳಸಬಹುದು:

ಬಾಗಿಲ ಬಳಿ ಕಾಯುವ ಕಣ್ಣೆರಡು,
ಬಾಲದ ಬೀಸಣಿಗೆ ಒಂದು;
ಸಾಲದೆ ಇಷ್ಟೇ ಸಿರಿ, ಮಗಳೇ,
ಸಂಜೆಗೆ ಮನೆಗೆ ಬಂದು?

ಚರಿತ್ರೆಯಲ್ಲಿ ಆಸಕ್ತಿ ಇರುವ ನಾಯಿಪ್ರಿಯರಿಗೆ ಕಾಳಿಯ ಕಾರ್ಡು ಮಾಡಿಕೊಡಿ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಹತ್ತನೆಯ ಶತಮಾನದ ಶಾಸನದಲ್ಲಿ ಈ ಹೆಸರಿದೆ. ರಾಷ್ಟ್ರಕೂಟರೂ ಚೋಳರೂ ಕಾದಾಡಿದ ತಕ್ಕೋಲದ ಯುದ್ಧದ ಕಾಲ. ಗಂಗರ ಅರಸ ಬೂತುಗ ತನ್ನ ವೀರನೊಬ್ಬನಿಗೆ ಏನು ಬೇಕೆಂದು ಕೇಳಿದಾಗ ಆತ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಕಾಡುಹಂದಿಯೊಂದರೊಡನೆ ಸೆಣಸಿತು, ಎರಡೂ ಸತ್ತವು, ನಾಯಿಗಾಗಿ ಕಲ್ಲು ನಿಂತಿತು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಸಾವಿರ ವರ್ಷಕ್ಕೂ ಹಿಂದೆ ನಮ್ಮ ನಾಡಿನಲ್ಲಿ ಒಬ್ಬ ಮನುಷ್ಯ ಒಂದು ನಾಯಿಯನ್ನು ಇಷ್ಟು ಪ್ರೀತಿಸಿದ್ದ ಎಂದು ನೆನೆದರೆ ನನಗೆ ಈಗಲೂ ಕಣ್ಣು ತುಂಬುತ್ತದೆ. ಕಾಗದವನ್ನು ಚಹಾದ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿ, ಇದ್ದಿಲಿನಿಂದ ಕಲ್ಲಿನ ನೆರಳು ಕೊಟ್ಟು, ನಾಯಿಯನ್ನು ಮಾತ್ರ ಬರೆಯಿರಿ. ಹಂದಿಯೂ ಸಾವೂ ಹುಟ್ಟುಹಬ್ಬದ ದಿನ ಬೇಡ. ಅಂಚೆಚೀಟಿ ಸಂಗ್ರಹಿಸುವವರಾದರೆ 2005ರಲ್ಲಿ ಅಂಚೆ ಇಲಾಖೆ ತಂದ ದೇಶಿ ನಾಯಿಗಳ ಚೀಟಿಗಳಲ್ಲಿ ಮುಧೋಳದ್ದೂ ಒಂದಿದೆ. ಅದು ಸಿಕ್ಕಿದರೆ ಕಾರ್ಡಿನ ಮೂಲೆಗೆ ಬೇರೆ ಅಲಂಕಾರವೇ ಬೇಡ.

ಕೊನೆಯದಾಗಿ, ನಾಯಿಯನ್ನು ಕಳೆದುಕೊಂಡ ವರ್ಷವೇ ಬರುವ ಹುಟ್ಟುಹಬ್ಬ. ಇಲ್ಲಿ ಹೆಚ್ಚಿನವರು ನಾಯಿಯ ಸುದ್ದಿಯನ್ನೇ ಎತ್ತದೆ ಹೂವಿನ ಕಾರ್ಡು ಕೊಟ್ಟು ಬರುತ್ತಾರೆ. ನನಗೆ ಅದು ಸರಿ ಎನಿಸುವುದಿಲ್ಲ. ಹದಿಮೂರು ವರ್ಷ ಜೊತೆಗಿದ್ದ ಜೀವದ ಹೆಸರನ್ನು ಯಾರೂ ಹೇಳದಿರುವುದು ಮತ್ತೊಂದು ನೋವು. ಆದರೆ ಅದರ ಮುಖವನ್ನು ಬರೆದು ಎದುರಿಗೆ ಹಿಡಿಯುವುದೂ ಆಗ ಬೇಡ. ಪಕ್ಕದ ಬೀದಿಯ ಮೇಷ್ಟ್ರ ರಾಮು ಹೋದ ಮೂರನೆಯ ತಿಂಗಳಿಗೆ ಅವರ ಹುಟ್ಟುಹಬ್ಬ ಬಂತು. ನಾನು ಅವರ ಮನೆಯ ಮೆಟ್ಟಿಲನ್ನು ಬರೆದೆ. ಬೆಳಿಗ್ಗೆ ಎಂಟರ ಹೊತ್ತಿಗೆ ಎರಡನೆಯ ಮೆಟ್ಟಿಲಿನ ಮೇಲೆ ಒಂದು ಚೌಕ ಬಿಸಿಲು ಬೀಳುತ್ತದೆ, ರಾಮು ಮಲಗುತ್ತಿದ್ದ ಜಾಗ. ಬಿಸಿಲಿಗೆ ಅರಿಶಿನ ಹಚ್ಚಿದೆ. ‘ರಾಮುವಿನ ಮೆಟ್ಟಿಲಿನಿಂದ ಮೇಷ್ಟ್ರಿಗೆ’ ಎಂದಷ್ಟೇ ಬರೆದು ಉಳಿದ ಜಾಗ ಖಾಲಿ ಬಿಟ್ಟೆ.

ಎರಡು ವಾರದ ಮೇಲೆ ಹೋದಾಗ ಕಾರ್ಡು ಪಂಚಾಂಗದ ಪಕ್ಕದ ಮೊಳೆಯಲ್ಲಿತ್ತು. ನಾನು ಬಿಟ್ಟಿದ್ದ ಖಾಲಿ ಜಾಗದಲ್ಲಿ ಅವರು ಪೆನ್ಸಿಲಿನಿಂದ ಒಂದು ಅಲ್ಯೂಮಿನಿಯಂ ಬಟ್ಟಲು ಬರೆದಿದ್ದರು, ಅಂಚು ಒಂದು ಕಡೆ ನೆಗ್ಗಿದ್ದನ್ನೂ ಸೇರಿಸಿ.