ವಕಾಲತ್ತು ಕೊಡದೆ ವಕೀಲರ ನೆರವು ಪಡೆದ ಬಗೆ

ಪತಿ ಸಲ್ಲಿಸಿದ್ದ ವಿಚ್ಛೇದನದ ಅರ್ಜಿಯ ನೋಟಿಸು ಕೈಸೇರಿದಾಗ, ಇಡೀ ಪ್ರಕರಣವನ್ನು ವಕೀಲರಿಗೆ ಒಪ್ಪಿಸದೆ, ನನ್ನಿಂದಾಗದ ಕೆಲಸಗಳಿಗಷ್ಟೇ ಅವರ ನೆರವು ಪಡೆಯಲು ನಿರ್ಧರಿಸಿದೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 13ನೇ ಕಲಮಿನ ಪ್ರಕಾರ, ಇಂಥ ಪ್ರಕರಣ ನಡೆಯುವ ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲರ ಮೂಲಕ ವಾದಿಸುವುದು ಕಕ್ಷಿದಾರರ ಹಕ್ಕೇನಲ್ಲ. ರೂಢಿಯಲ್ಲಿ ವಕೀಲರಿಗೆ ಅನುಮತಿ ಸಿಗುತ್ತದೆಯಾದರೂ, ತಾನೇ ನಿಂತು ಮಾತನಾಡುವವರನ್ನು ಈ ನ್ಯಾಯಾಲಯ ಅಪರೂಪದವರಂತೆ ಕಾಣುವುದಿಲ್ಲ.

ಇಂಥ ಏರ್ಪಾಡಿಗೆ ಒಪ್ಪುವ ವಕೀಲರು ಸುಲಭವಾಗಿ ಸಿಗಲಿಲ್ಲ. ಅರ್ಧ ತಿಳಿದ ಪ್ರಕರಣಕ್ಕೆ ಸಲಹೆ ಕೊಟ್ಟು ಹೊಣೆ ಹೊರುವುದು ಹೇಗೆಂಬ ಅವರ ಆಕ್ಷೇಪ ನ್ಯಾಯವಾದದ್ದೇ. ಕೊನೆಗೆ ಒಪ್ಪಿದ ಹಿರಿಯ ವಕೀಲೆಯೊಬ್ಬರು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಟ್ಟರು: ತಕರಾರು (ಪತಿಯ ಅರ್ಜಿಗೆ ನನ್ನ ಲಿಖಿತ ಉತ್ತರ) ಮತ್ತು ಮಧ್ಯಂತರ ಜೀವನಾಂಶದ ಅರ್ಜಿಯ ಕರಡು ತಿದ್ದುವುದು, ರಾಜಿಯ ಮಾತು ಬಂದರೆ ಸಹಿಗೆ ಮುನ್ನ ಒಪ್ಪಂದ ಓದುವುದು ಅವರ ಕೆಲಸ, ಪ್ರತಿಯೊಂದಕ್ಕೂ ಬೇರೆ ಶುಲ್ಕ, ವಾಯಿದೆಗೆ ಹಾಜರಾಗುವುದು, ಪ್ರತಿಗಳನ್ನು ಪಡೆಯುವುದು ನನ್ನ ಕೆಲಸ. ವಕಾಲತ್ತು, ಅಂದರೆ ಕಕ್ಷಿದಾರರ ಪರವಾಗಿ ಪ್ರಕರಣ ನಡೆಸುವ ಅಧಿಕಾರಪತ್ರ, ಸಲ್ಲಿಸಿದ ವಕೀಲರು ನ್ಯಾಯಾಲಯದ ಅನುಮತಿಯಿಲ್ಲದೆ ಹಿಂದೆ ಸರಿಯುವಂತಿಲ್ಲವಾದ್ದರಿಂದ ಅದನ್ನು ಸಲ್ಲಿಸಲಿಲ್ಲ. ಪ್ರಕರಣ ಪಾಟಿ ಸವಾಲಿನ (ಎದುರು ಪಕ್ಷದ ಸಾಕ್ಷಿಗಳನ್ನು ಪ್ರಶ್ನಿಸುವ) ಹಂತಕ್ಕೆ ಹೋದರೆ ಮಾತ್ರ ಸಲ್ಲಿಸುವುದೆಂದು ಮೊದಲೇ ಮಾತಾಗಿತ್ತು.

ಕೊಟ್ಟ ಹಣ ಸಾರ್ಥಕವೆನಿಸಿದ್ದು ಆಸ್ತಿ ಮತ್ತು ಹೊಣೆಗಾರಿಕೆಗಳ ಪ್ರಮಾಣಪತ್ರದ ಕೆಲಸದಲ್ಲಿ. ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರಲ್ಲಿ ನೀಡಿದ ತೀರ್ಪಿನ ನಂತರ, ಜೀವನಾಂಶ ಕೇಳುವವರೂ ಕೊಡಬೇಕಾದವರೂ ಆದಾಯ, ಖರ್ಚು, ಸಾಲ, ಆಸ್ತಿಗಳ ವಿವರವನ್ನು ನಿಗದಿತ ನಮೂನೆಯಲ್ಲಿ ಪ್ರಮಾಣ ಮಾಡಿ ಸಲ್ಲಿಸಬೇಕು. ಬ್ಯಾಂಕಿನ ಲೆಕ್ಕಪಟ್ಟಿ, ಬಾಡಿಗೆ ಕರಾರು, ಮಗಳ ಶಾಲಾ ಶುಲ್ಕದ ರಸೀದಿಗಳನ್ನು ಆ ನಮೂನೆಯ ಕಲಮುಗಳ ಕ್ರಮದಲ್ಲೇ ಜೋಡಿಸಿ ಕೊಂಡೊಯ್ದಿದ್ದರಿಂದ, ವಕೀಲರ ಸಮಯವೆಲ್ಲ ಕಾಗದ ಹುಡುಕುವುದಕ್ಕಲ್ಲದೆ ಓದುವುದಕ್ಕೇ ಸಂದಿತು. ತವರಿನಿಂದ ಆಗಾಗ ಬರುತ್ತಿದ್ದ ಹಣ ಸಾಲವೋ ನೆರವೋ ಎಂದು ಅವರು ಕೇಳಿ, ಅದನ್ನು ಬಚ್ಚಿಡದೆ ಸಾಲವೆಂದೇ ಪುರಾವೆ ಸಮೇತ ನಮೂದಿಸುವಂತೆ ಮಾಡಿದರು. ನಾನೊಬ್ಬಳೇ ಆಗಿದ್ದರೆ ಆ ಸಾಲು ನನಗೆ ಹೊಳೆಯುತ್ತಿರಲಿಲ್ಲ.

ಮಧ್ಯಸ್ಥಿಕೆ ಕೇಂದ್ರದಲ್ಲಿ ಮಾತುಕತೆ ಕುದುರಿದ ಮೇಲೆ ಒಪ್ಪಂದದ ಕರಡು ಬಂತು. ತಂದೆ ಮಗಳನ್ನು ‘ಪರಸ್ಪರ ಅನುಕೂಲದಂತೆ’ ಭೇಟಿಯಾಗಬಹುದೆಂದು ಅದರಲ್ಲಿತ್ತು, ಓದಲು ಸೌಜನ್ಯದ ಮಾತಾಗಿಯೇ ಕಂಡಿತ್ತು. ಅನುಕೂಲವಿಲ್ಲವೆಂದು ಒಬ್ಬರು ಹೇಳಿದ ದಿನ ಏನು ಮಾಡುತ್ತೀರಿ ಎಂದು ವಕೀಲರು ಕೇಳಿದರು. ವಾರ, ಗಂಟೆ, ಮಗಳನ್ನು ಒಪ್ಪಿಸುವ ಸ್ಥಳ, ಬೇಸಿಗೆ ರಜೆಯ ಹಂಚಿಕೆ ಎಲ್ಲವೂ ಆಮೇಲೆ ಬರಹಕ್ಕೆ ಇಳಿದವು.

ಮನೆಯಲ್ಲಿ ಹಿಂಸೆ ನಡೆದಿದ್ದರೆ, ಇಲ್ಲವೇ ಮಗುವನ್ನು ಕರೆದೊಯ್ದುಬಿಡುವ ಭಯವಿದ್ದರೆ ಈ ದಾರಿ ಬೇಡವೆಂದೇ ನನ್ನ ಖಚಿತ ಅಭಿಪ್ರಾಯ. ಅಲ್ಲಿ ಮೊದಲ ದಿನದಿಂದಲೂ ಪೂರ್ಣಾವಧಿಯ ವಕೀಲರೇ ಬೇಕು. ಶುಲ್ಕ ಕೊಡಲಾಗದ ಮಹಿಳೆಯರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬೇಕು, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಅವರ ಆದಾಯ ಎಷ್ಟಿದ್ದರೂ ಉಚಿತ ನೆರವು ಸಿಗುತ್ತದೆ.

ಪ್ರಕರಣ ಪರಸ್ಪರ ಸಮ್ಮತಿಯ ವಿಚ್ಛೇದನವಾಗಿ ಬದಲಾದಾಗ ಕಾನೂನು ವಿಧಿಸುವ ಆರು ತಿಂಗಳ ಕಾಯುವಿಕೆ ಎದುರಾಯಿತು. ಸೂಕ್ತ ಸಂದರ್ಭದಲ್ಲಿ ಅದನ್ನು ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತ್ತು. ಆ ಮನ್ನಾದ ಅರ್ಜಿ ಬರೆಯುವುದೇ ನಾನು ವಕೀಲರಿಗೆ ವಹಿಸಿದ ಕೊನೆಯ ಕೆಲಸವಾಯಿತು.