ಮಂಗಳೂರಲ್ಲಿ ಗಡಿಯಾರ ನೋಡಿ ತಿನ್ನಿ

ನಾನು ತುಮಕೂರು ಕಡೆಯವಳು. ಮದುವೆಯಾಗಿ ಮಂಗಳೂರಿಗೆ ಬಂದ ಹೊಸತರಲ್ಲಿ ಹೋಟೆಲಿನಲ್ಲಿ ಬನ್ಸ್ ಕೇಳಿದೆ. ಬೇಕರಿ ಬನ್ನು ಬರುತ್ತದೆ, ಬೆಣ್ಣೆ ಹಚ್ಚಿಕೊಂಡು ತಿನ್ನೋಣ ಅಂತಿದ್ದೆ. ಬಂದದ್ದು ದಪ್ಪಗೆ ಉಬ್ಬಿದ ಕಂದು ಪೂರಿ. ಪಕ್ಕದಲ್ಲಿ ಕಾಯಿ ಚಟ್ನಿ, ಸಾಂಬಾರ್. ಮುರಿದು ಬಾಯಿಗಿಟ್ಟರೆ ಸಿಹಿ! ಎದುರು ಕೂತಿದ್ದ ಅತ್ತೆ ಬಿದ್ದು ಬಿದ್ದು ನಕ್ಕರು.

ಈಗ ಊರಿನಿಂದ ನೆಂಟರು ಬಂದರೆ ನಾನೇ ಗೈಡು. ಅವರೆಲ್ಲ ಮಾಡುವ ತಪ್ಪು ಒಂದೇ. ಸಂಜೆ ಐದಕ್ಕೆ ಮೀನೂಟ ಕೇಳುತ್ತಾರೆ, ಬೆಳಿಗ್ಗೆ ಏಳಕ್ಕೆ ಗೋಳಿಬಜೆ ಕೇಳುತ್ತಾರೆ, ಜುಲೈನಲ್ಲಿ ಬಂದು ತಾಜಾ ಅಂಜಲ್ ಮೀನು ಕೇಳುತ್ತಾರೆ. ಈ ಊರಿನಲ್ಲಿ ಮೆನು ಕಾರ್ಡಿಗಿಂತ ಕ್ಯಾಲೆಂಡರ್, ಗಡಿಯಾರ ಮುಖ್ಯ. ಒಂದು ದಿನವನ್ನು ಹೇಗೆ ಹೊಂದಿಸಿಕೊಳ್ಳಬಹುದು ನೋಡಿ.

ಹೊರಡುವ ಮೊದಲು: ಯಾವ ತಿಂಗಳು?

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಒಟ್ಟು 61 ದಿನ. ಮೀನು ಮರಿ ಮಾಡುವ ಕಾಲ ಅದು. ನಾಡದೋಣಿಯವರು ಹಿಡಿದು ತರುವ ಅಷ್ಟಿಷ್ಟು ಮೀನು ಸಿಗುತ್ತದೆ, ರೇಟು ಮಾತ್ರ ಕೇಳಬೇಡಿ. ಹೋಟೆಲುಗಳಲ್ಲಿ ಆಗ ಐಸಿನಲ್ಲಿಟ್ಟ ಮೀನು, ಹೊರಗಿನಿಂದ ಬಂದ ಮೀನು ಜಾಸ್ತಿ. ಮೀನಿಗೋಸ್ಕರವೇ ಬರುವವರಾದರೆ ಸೆಪ್ಟೆಂಬರ್ ನಂತರ ಬನ್ನಿ.

ಹಾಗಂತ ಮಳೆಗಾಲ ದಂಡ ಅಲ್ಲ. ಪತ್ರೊಡೆ ರುಚಿ ಗೊತ್ತಾಗುವುದೇ ಆಗ. ಕೆಸುವಿನ ಎಲೆಗೆ ಅಕ್ಕಿ, ಹುಣಸೆಹಣ್ಣು, ಮೆಣಸಿನ ಹಿಟ್ಟು ಬಳಿದು, ಸುತ್ತಿ, ಹಬೆಯಲ್ಲಿ ಬೇಯಿಸಿದ್ದು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ತುಳುವರ ಆಟಿ ತಿಂಗಳು. ಮನೆಮನೆಯಲ್ಲೂ ಕೆಸು, ಕಣಿಲೆ (ಎಳೆ ಬಿದಿರು), ಹಲಸಿನ ಬೀಜ. ಯಾರಾದರೂ ಊಟಕ್ಕೆ ಕರೆದರೆ ಸಂಕೋಚ ಮಾಡದೆ ಹೋಗಿಬಿಡಿ. ಹೋಟೆಲಿನಲ್ಲಿ ಆ ರುಚಿ ಸಿಗುವುದು ಕಷ್ಟ.

ಬೆಳಿಗ್ಗೆ ಏಳರಿಂದ ಒಂಬತ್ತು: ಬನ್ಸ್

ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಇಳಿದು ಬಂದವರಿಗೆ ಬೆಳಿಗ್ಗೆ ಹೊಟ್ಟೆ ಒಂಥರಾ ಇರುತ್ತದೆ. ಮೊದಲು ಒಂದು ಕಷಾಯ ಕುಡಿಯಿರಿ. ಕೊತ್ತಂಬರಿ, ಜೀರಿಗೆ ಹುಡಿ, ಬೆಲ್ಲ, ಹಾಲು ಹಾಕಿ ಮಾಡಿದ್ದು. ಆಮೇಲೆ ಬನ್ಸ್.

ಕಳಿತ ಬಾಳೆಹಣ್ಣು, ಮೈದಾ, ಮೊಸರು, ಸಕ್ಕರೆ ಕಲಸಿ ರಾತ್ರಿಯಿಡೀ ಇಟ್ಟ ಹಿಟ್ಟು ಅದು. ಬಿಸಿ ಇರುವಾಗ ಒಳಗೆ ಬಲೆಬಲೆಯಾಗಿ ಮೆತ್ತಗಿರುತ್ತದೆ, ಆರಿದರೆ ರಬ್ಬರು. ಹಾಗಾಗಿ ಗಾಜಿನ ಪೆಟ್ಟಿಗೆಯಲ್ಲಿ ಕೂತಿರುವುದನ್ನು ತಗೊಳ್ಳಬೇಡಿ, "ಬಿಸಿ ಉಂಟಾ?" ಅಂತ ಕೇಳಿ. ಇಲ್ಲ ಎಂದರೆ ಕಾಯಿರಿ. ಸಿಹಿಗೆ ಖಾರದ ಚಟ್ನಿ ಹೇಗೆ ಹೊಂದುತ್ತದೆ ಎಂಬ ಅನುಮಾನ ಎರಡನೇ ತುತ್ತಿಗೆ ಹೋಗುತ್ತದೆ. ಕೊಡಿಯಾಲ್‌ಬೈಲಿನ ನ್ಯೂ ತಾಜ್‌ಮಹಲ್ ಕೆಫೆ ಬನ್ಸ್‌ಗೆ ಹೆಸರಾದ ಜಾಗ.

ಸಿಹಿ ಬೇಡ ಎನ್ನುವವರು ಸಜ್ಜಿಗೆ–ಬಜಿಲ್ ಕೇಳಿ. ಸಜ್ಜಿಗೆ ಅಂದರೆ ನಮ್ಮ ಉಪ್ಪಿಟ್ಟು, ಬಜಿಲ್ ಅಂದರೆ ಅವಲಕ್ಕಿ. ಎರಡನ್ನೂ ಒಂದೇ ತಟ್ಟೆಯಲ್ಲಿ ಬೆರೆಸಿ ತಿನ್ನುತ್ತಾರೆ. ಬಯಲುಸೀಮೆಯವರಿಗೆ ಇದು ವಿಚಿತ್ರ ಅನಿಸುತ್ತದೆ. ನಮ್ಮ ಚೌಚೌ ಬಾತ್ ನೋಡಿದ ಇಲ್ಲಿಯವರಿಗೂ ಹಾಗೇ ಅನಿಸಿರಬೇಕು, ಅಲ್ವಾ?

ಮೂಡೆ ಕಂಡರೆ ಬಿಡಬೇಡಿ. ಮುಂಡಕದ ಎಲೆಯ ಕೊಳವೆಯಲ್ಲಿ ಬೇಯಿಸಿದ ಇಡ್ಲಿ ಅದು. ಎಲೆಯ ಪರಿಮಳ ಇಡ್ಲಿಗೆ ಇಳಿದಿರುತ್ತದೆ.

ಮಧ್ಯಾಹ್ನ ಹನ್ನೆರಡೂವರೆ: ಮೀನೂಟ

ದಿನದ ದೊಡ್ಡ ಕೆಲಸ ಇದೇ. ಹನ್ನೆರಡೂವರೆಗೆ ಹೋಟೆಲಿನ ಬಾಗಿಲಲ್ಲಿರಿ. ಬಂದರು ಪ್ರದೇಶದ ನಾರಾಯಣ ಹೋಟೆಲಿನಂಥ ಹೆಸರಾದ ಜಾಗಗಳಲ್ಲಿ ಒಂದು ಗಂಟೆಗೆ ಜನ ತುಂಬಿರುತ್ತಾರೆ. ನೀವು ಊಟ ಮಾಡುವಾಗ ಹಿಂದೆ ಒಬ್ಬರು ಕುರ್ಚಿಗಾಗಿ ಕಾಯುತ್ತಾ ನಿಂತಿರಬಹುದು. ಬೇಸರ ಮಾಡಿಕೊಳ್ಳಬೇಡಿ, ಸ್ವಲ್ಪ ಹೊತ್ತಿಗೆ ಮುಂಚೆ ನೀವೂ ಹಾಗೇ ನಿಂತಿದ್ದಿರಿ. ಮೂರು ಗಂಟೆಗೆ ಹೋದರೆ ಒಳ್ಳೆಯ ಮೀನು ಖಾಲಿ.

ಊಟ ಎಂದರೆ ಅನ್ನ, ಮೀನಿನ ಸಾರು, ಒಂದು ಪಲ್ಯ. ಅನ್ನ ಕುಚ್ಚಲಕ್ಕಿಯದು. ಕಾಳು ದಪ್ಪ, ಹೊಟ್ಟೆ ಬೇಗ ತುಂಬುತ್ತದೆ. ಆಗಲ್ಲ ಅನಿಸಿದರೆ "ಬೆಳ್ತಿಗೆ ಉಂಟಾ?" ಎಂದು ಕೇಳಿ, ಬಿಳಿ ಅನ್ನ ಇದ್ದರೆ ಕೊಡುತ್ತಾರೆ. ಆದರೆ ಮೀನು ಸಾರಿಗೆ ಕುಚ್ಚಲಕ್ಕಿಯೇ ಸರಿ. ನನಗೆ ಇದು ಒಪ್ಪಲು ಎರಡು ವರ್ಷ ಬೇಕಾಯಿತು.

ಹುರಿದ ಮೀನಿಗೆ ಬೇರೆ ದುಡ್ಡು. ಕೆಲವು ಕಡೆ ದೊಡ್ಡ ತಟ್ಟೆಯಲ್ಲಿ ಮೀನು ಜೋಡಿಸಿಕೊಂಡು ನಿಮ್ಮ ಮುಂದೆಯೇ ತರುತ್ತಾರೆ. ಆಸೆಗೆ ಬಿದ್ದು ಬೆರಳು ತೋರಿಸುವ ಮೊದಲು ರೇಟು ಕೇಳಿ. ಇದರಲ್ಲಿ ನಾಚಿಕೆ ಏನೂ ಇಲ್ಲ, ಇಲ್ಲಿಯವರೂ ಕೇಳುತ್ತಾರೆ. ನಮ್ಮ ಚಿಕ್ಕಪ್ಪ ಒಮ್ಮೆ ಕೇಳದೆ ದೊಡ್ಡ ಮಾಂಜಿ (ಪಾಂಫ್ರೆಟ್ ಮೀನು) ಎತ್ತಿಕೊಂಡು, ಬಿಲ್ಲು ಬಂದಾಗ ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು.

ಹೆಸರುಗಳು ಗೊತ್ತಿರಲಿ. ಬೂತಾಯಿ ಅಗ್ಗ, ರುಚಿ ಜೋರು, ಆದರೆ ಸಣ್ಣ ಮುಳ್ಳು ಬಹಳ. ಬಂಗುಡೆ ಎಲ್ಲರ ಮೀನು. ಕಾಣೆ ಉದ್ದಕ್ಕೆ, ನಡುವೆ ಒಂದೇ ಮುಳ್ಳು, ಮಾಂಸ ಮೆದು. ಮೊದಲ ಸಲ ಮೀನು ತಿನ್ನುವವರಿಗೆ, ಮಕ್ಕಳಿಗೆ ಇದೇ ಸರಿ. ಅಂಜಲ್ ತುಂಡು ಮಾಡಿ ಹುರಿಯುವ ದೊಡ್ಡ ಮೀನು. ಎಟ್ಟಿ ಎಂದರೆ ಸಿಗಡಿ, ಡೆಂಜಿ ಎಂದರೆ ಏಡಿ, ಮರುವಾಯಿ ಎಂದರೆ ಚಿಪ್ಪಿನೊಳಗಿನ ಮಾಂಸ. ಅತ್ತೆಯ ಲೆಕ್ಕ ಸುಲಭ: ಬಂಗುಡೆ ಸಾರಿಗೆ, ಕಾಣೆ ಕಾವಲಿಗೆ. ಬಂಗುಡೆ ಪುಳಿಮುಂಚಿ ಸಿಕ್ಕರೆ ಅದೇ ತಗೊಳ್ಳಿ. ಪುಳಿ ಅಂದರೆ ಹುಳಿ, ಮುಂಚಿ ಅಂದರೆ ಮೆಣಸು.

ಹುರಿಯುವುದರಲ್ಲಿ ಎರಡು ಬಗೆ. ರವೆ ಹಚ್ಚಿದ್ದು ಗರಿಗರಿ, ಬರೀ ಮಸಾಲೆ ಹಚ್ಚಿ ಕಾವಲಿಯಲ್ಲಿ ಹುರಿದದ್ದು ಕೆಂಪಗೆ. ಮಸಾಲೆ ನೋಡಿ ಹೆದರಬೇಡಿ, ಬ್ಯಾಡಗಿ ಮೆಣಸಿಗೆ ಬಣ್ಣವೇ ಹೆಚ್ಚು, ಖಾರ ಕಡಿಮೆ. ನನ್ನ ಓಟು ಮಸಾಲೆಗೆ. ರವೆ ಹಾಕಿದರೆ ಮೀನು ಹಳತಾದರೂ ಗೊತ್ತಾಗುವುದಿಲ್ಲ.

ಸಸ್ಯಾಹಾರಿಗಳಿಗೆ

ಬಂದರಿನ ಕಡೆ ಹೋಗದೆ ವೆಂಕಟರಮಣ ದೇವಸ್ಥಾನದ ರಥಬೀದಿಯ ಸುತ್ತ ತಿರುಗಿ. ಕೊಂಕಣಿಗರ ದಾಳಿತೋಯ್ ಹುಡುಕಿ. ಬೇಳೆ, ಹಸಿಮೆಣಸು, ಇಂಗಿನ ಒಗ್ಗರಣೆ, ಅಷ್ಟೇ. ನಮ್ಮ ಸಾಂಬಾರಿನ ಗದ್ದಲ ಅದರಲ್ಲಿ ಇಲ್ಲ. ಮಂಗಳೂರು ಸೌತೆಯ ಹುಳಿ, ಅನಾನಸು ಮೆಣಸ್ಕಾಯಿ (ಸಿಹಿ–ಖಾರದ ಗೊಜ್ಜು) ಕಂಡರೂ ಹಾಕಿಸಿಕೊಳ್ಳಿ. ಕೊಬ್ಬರಿ ಎಣ್ಣೆ ವಾಸನೆ ಆಗದವರು ಮೊದಲೇ ಹೇಳಿಬಿಡಿ.

ನಾಲ್ಕು ಗಂಟೆ: ಗೋಳಿಬಜೆ

ಹುಳಿ ಮೊಸರಲ್ಲಿ ಕಲಸಿದ ಮೈದಾ, ಶುಂಠಿ, ಹಸಿಮೆಣಸು, ಕಾಯಿ ಚೂರು. ಬಾಣಲೆಯಿಂದ ಇಳಿದ ಐದು ನಿಮಿಷದೊಳಗೆ ತಿನ್ನಿ. ಒಂದು ಪ್ಲೇಟನ್ನು ಇಬ್ಬರು ಹಂಚಿಕೊಳ್ಳಿ, ಮುಂದೆ ಕೆಲಸ ಇದೆ.

ಸಂಜೆ: ಗಡ್‌ಬಡ್

ಉದ್ದ ಗಾಜಿನ ಲೋಟದಲ್ಲಿ ಜೆಲ್ಲಿ, ಹಣ್ಣು, ಗೋಡಂಬಿ, ಎರಡು ಮೂರು ಬಗೆಯ ಐಸ್‌ಕ್ರೀಂ ಪದರ ಪದರ. ಇದು ಹುಟ್ಟಿದ್ದು ಉಡುಪಿಯ ಡಯಾನಾ ಹೋಟೆಲಿನಲ್ಲಿ ಎನ್ನುತ್ತಾರೆ. ಮಂಗಳೂರಿನಲ್ಲಿ ಜನ ಹೋಗುವುದು 1975ರಲ್ಲಿ ಶುರುವಾದ ಐಡಿಯಲ್‌ಗೆ, ಇಲ್ಲವೇ ಅವರದೇ ಪಬ್ಬಾಸ್‌ಗೆ. ಭಾನುವಾರ ಸಂಜೆ ಪಬ್ಬಾಸ್‌ನಲ್ಲಿ ಜಾಗ ಸಿಗಬೇಕಾದರೆ ತಾಳ್ಮೆ ಬೇಕು. ಚಮಚವನ್ನು ತಳದವರೆಗೆ ಇಳಿಸಿ ತಿನ್ನಿ. ಮೇಲಿನಿಂದ ಬಗೆದರೆ ಜೆಲ್ಲಿ ಕೊನೆಗೆ ಒಂಟಿಯಾಗಿ ಉಳಿಯುತ್ತದೆ.

ರಾತ್ರಿ: ಕೋರಿ ರೊಟ್ಟಿ

ಕೋರಿ ಎಂದರೆ ಕೋಳಿ. ರೊಟ್ಟಿ ನಮ್ಮ ಅಕ್ಕಿರೊಟ್ಟಿಯಂತಲ್ಲ, ಕಾಗದದಷ್ಟು ತೆಳು, ಒಣಗಿದ್ದು. ಅದನ್ನು ತಟ್ಟೆಯಲ್ಲಿ ಪುಡಿ ಮಾಡಿ, ಮೇಲೆ ತೆಂಗಿನ ಹಾಲಿನ ಕೋಳಿ ಸಾರು ಸುರಿಯಬೇಕು. ತಕ್ಷಣ ತಿಂದರೆ ಗರಿಗರಿ, ಎರಡು ನಿಮಿಷ ಬಿಟ್ಟರೆ ಮೆತ್ತಗೆ. ಯಾವುದು ಸರಿ ಎಂಬ ಬಗ್ಗೆ ನಮ್ಮ ಮನೆಯಲ್ಲೇ ಎರಡು ಪಕ್ಷ ಇದೆ. ನಾನು ಅರ್ಧಕ್ಕೆ ಸಾರು, ಅರ್ಧ ಹಾಗೇ ಇಟ್ಟುಕೊಳ್ಳುತ್ತೇನೆ. ಹೊಟ್ಟೆಯಲ್ಲಿ ಅಷ್ಟು ಜಾಗ ಇಲ್ಲದಿದ್ದರೆ ನೀರ್ ದೋಸೆ, ಕೋಳಿ ಗಸಿ. ಕೋಳಿ ತಿನ್ನದವರಿಗೆ ಅದೇ ದೋಸೆಗೆ ಕಾಯಿ–ಬೆಲ್ಲ. ಘೀ ರೋಸ್ಟ್ ಎಲ್ಲ ಕಡೆ ಸಿಗುತ್ತದೆ, ಆದರೆ ಅದರ ತವರು ಕುಂದಾಪುರ. ಆ ಕಡೆ ಹೋಗುವವರಿದ್ದರೆ ಅಲ್ಲಿಗೇ ಉಳಿಸಿಕೊಳ್ಳಿ.

ಊರಿಗೆ ಒಯ್ಯಲು

ಬಸ್ಸು ಹತ್ತುವ ಮೊದಲು ಅಂಗಡಿಯಲ್ಲಿ ಒಂದು ಮಂಗಳೂರು ಸೌತೆ ತಗೊಳ್ಳಿ. ಬಾಳೆನಾರಿನಲ್ಲಿ ಕಟ್ಟಿ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಜೊತೆಗೆ ಹಲಸಿನ ಹಪ್ಪಳ, ಎರಡು ಪ್ಯಾಕೆಟ್ ರೊಟ್ಟಿ. ಶಿರಾಡಿಯ ತಿರುವುಗಳಲ್ಲಿ ರೊಟ್ಟಿ ಪುಡಿಯಾಗುತ್ತದೆ ಎಂದು ಮಡಿಲಲ್ಲಿ ಇಟ್ಟುಕೊಂಡು ಕೂರಬೇಡಿ. ಹೇಗೂ ಪುಡಿ ಮಾಡಿಯೇ ತಿನ್ನುವುದು.