ಶಾಲೆ ರಸ್ತೆಗೆ ಹಂಪ್ ಹಾಕಿಸಿದ ಬಗೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ನಮ್ಮ ರಸ್ತೆಗೆ ಹೊಸ ಡಾಂಬರು ಬಿದ್ದ ಮೇಲೆ ಬೈಕು, ಟಿಪ್ಪರ್‌ಗಳ ಓಟ ಹೆಚ್ಚಿತು. ಶಾಲೆ ತಿರುವಿನಲ್ಲಿ ಮಕ್ಕಳು ದಾಟುವ ಹಾಗಿಲ್ಲ. ವಾರ್ಡ್ ಮೆಂಬರಿಗೆ ಹೇಳಿದ್ದು, ಸಹಿ ಸಂಗ್ರಹಿಸಿದ್ದು, ಗ್ರಾಮಸಭೆಯಲ್ಲಿ ಎದ್ದು ಕೇಳಿದ್ದು ಯಾವುದೂ ಫಲ ಕೊಡಲಿಲ್ಲ. ಊರವರೇ ಕಟ್ಟಿದ ಸಿಮೆಂಟ್ ದಿಣ್ಣೆಯನ್ನು ಕಿತ್ತು ಹಾಕಿಸಲಾಯಿತು. ಅದು ಸರಿಯೇ, ರಾತ್ರಿ ಸ್ಕೂಟರಿನವರು ಬೀಳುತ್ತಿದ್ದರು.

ಕೊನೆಗೆ ಫಲ ಕೊಟ್ಟ ದಾರಿ ಇದು. ಮೊದಲು ರಸ್ತೆ ಯಾರದ್ದೆಂದು ಪಂಚಾಯತಿನ ಆಸ್ತಿ ರಿಜಿಸ್ಟರಿನಲ್ಲಿ ನೋಡಿಸಿ. ನಮ್ಮದು ಲೋಕೋಪಯೋಗಿ ಇಲಾಖೆಯದು. ಆಮೇಲೆ ಇಲಾಖೆಗೂ ಜಿಲ್ಲಾಧಿಕಾರಿ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿಗೂ ಒಂದೇ ಅರ್ಜಿ, ಕನ್ನಡದಲ್ಲೇ. ಕೇರಳದ 1969ರ ಭಾಷಾ ಕಾನೂನು ಇಲ್ಲಿಯ ಕನ್ನಡಿಗರಿಗೆ ಆ ಹಕ್ಕು ಕೊಟ್ಟಿತು. ಮಲಯಾಳದಲ್ಲಿ ಬರೆದು ತನ್ನಿ ಎಂದರೆ ಒಪ್ಪಬೇಡಿ. ಜೊತೆಗೆ ಕೈನಕ್ಷೆ: ಶಾಲೆ ಗೇಟು, ತಿರುವು, ಚರಂಡಿ, ದೀಪದ ಕಂಬ. ಹಂಪಿನ ಅಳತೆಯನ್ನು ಐಆರ್‌ಸಿ 99ರಂತೆ (ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ) ಬರೆಯಿರಿ: ವಾಹನ ಸಾಗುವ ದಿಕ್ಕಿನಲ್ಲಿ ಅಗಲ 3.7 ಮೀಟರ್, ಎತ್ತರ 10 ಸೆಂ.ಮೀ., ದಾಟುವ ವೇಗ ಗಂಟೆಗೆ 25 ಕಿ.ಮೀ., 40 ಮೀಟರ್ ಮೊದಲೇ ಎಚ್ಚರಿಕೆ ಹಲಗೆ. ಇದನ್ನು ಕಂಡ ಮೇಲೆಯೇ ಇಂಜಿನಿಯರ್ ಬಂದು ಟೇಪ್ ಹಿಡಿದದ್ದು. ಬಣ್ಣ, ಹಲಗೆ ಎರಡೂ ಹಂಪಿನ ಎಸ್ಟಿಮೇಟಿನಲ್ಲೇ ಸೇರಲಿ. ಬೇರೆ ಮಾಡಿದರೆ ಅದಕ್ಕೆ ಇನ್ನೊಂದು ಮಳೆಗಾಲ ಕಾಯಬೇಕು.